ಹಳೆಯ ವಿಂಡೋಸ್ ಮೇಲೆ ಹೊಸ ಆಫೀಸ್: ತಡೆ ಎಲ್ಲಿದೆ, ದಾರಿ ಎಲ್ಲಿದೆ

ಹತ್ತು ಹನ್ನೆರಡು ವರ್ಷ ಹಳೆಯದಾದ ಕಂಪ್ಯೂಟರ್ ಇನ್ನೂ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಟೈಪ್ ಮಾಡಲು, ಲೆಕ್ಕ ಹಾಕಲು, ಪ್ರಿಂಟ್ ತೆಗೆಯಲು ಅದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಹೊರಗಿನಿಂದ ಬರುವ ಫೈಲುಗಳು ಮಾತ್ರ ಒಂದೊಂದಾಗಿ ಕೈಕೊಡತೊಡಗುತ್ತವೆ: ಒಂದರಲ್ಲಿ ಸೂತ್ರ ಕೆಲಸ ಮಾಡುವುದಿಲ್ಲ, ಇನ್ನೊಂದರಲ್ಲಿ ಪುಟಗಳು ಅಸ್ತವ್ಯಸ್ತವಾಗುತ್ತವೆ, ಮತ್ತೊಂದು ತೆರೆಯುವುದೇ ಇಲ್ಲ. ಕಂಪ್ಯೂಟರನ್ನೂ ಅದರ ಆಪರೇಟಿಂಗ್ ಸಿಸ್ಟಮನ್ನೂ ಹಾಗೆಯೇ ಉಳಿಸಿಕೊಂಡು ಆಫೀಸ್ ತಂತ್ರಾಂಶವನ್ನಷ್ಟೇ ಹೊಸದು ಮಾಡಿಕೊಂಡರೆ ಸಾಕಲ್ಲವೇ ಎಂಬ ಯೋಚನೆ ಆಗ ಸಹಜವಾಗಿಯೇ ಬರುತ್ತದೆ. ಇನ್‌ಸ್ಟಾಲ್ ಮಾಡಲು ಹೊರಟ ಒಂದೆರಡು ನಿಮಿಷಗಳಲ್ಲಿ ಪರದೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ತೆರೆದುಕೊಂಡು, ಇದು ಇಲ್ಲಿ ಆಗುವುದಿಲ್ಲ ಎಂದು ಹೇಳುತ್ತದೆ.

ಈ ‘ಆಗುವುದಿಲ್ಲ’ ಎಂಬ ಉತ್ತರಕ್ಕೆ ಒಂದೇ ಅರ್ಥವಿಲ್ಲ. ಕೆಲವೊಮ್ಮೆ ಅದು ತಯಾರಕರ ತೀರ್ಮಾನ, ಕೆಲವೊಮ್ಮೆ ಯಂತ್ರದ ನಿಜವಾದ ಅಸಹಾಯಕತೆ, ಇನ್ನು ಕೆಲವೊಮ್ಮೆ ಹೊರಗಿನ ಜಾಲ ಬದಲಾಗಿರುವುದರ ಪರಿಣಾಮ. ಯಾವ ತಡೆ ಎದುರಾಗಿದೆ ಎಂಬುದನ್ನು ಗುರುತಿಸದೆ ಪರಿಹಾರ ಹುಡುಕಲು ಹೋದವರು ದಿನಗಟ್ಟಲೆ ಒದ್ದಾಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ; ಆದ್ದರಿಂದ ಈ ಲೇಖನದಲ್ಲಿ ಉಪಾಯಗಳಿಗಿಂತ ಮೊದಲು ಕಾರಣಗಳನ್ನೇ ಸ್ವಲ್ಪ ವಿಸ್ತಾರವಾಗಿ ವಿವರಿಸುತ್ತೇನೆ.

ಮೊದಲು ಹಿನ್ನೆಲೆ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು. ವಿಸ್ಟಾದ್ದು 2017ರ ಏಪ್ರಿಲ್ 11ರಂದು, ವಿಂಡೋಸ್ 7ರದ್ದು 2020ರ ಜನವರಿ 14ರಂದು, ವಿಂಡೋಸ್ 8.1ರದ್ದು 2023ರ ಜನವರಿ 10ರಂದು, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಬೆಂಬಲ ಮುಗಿಯುವುದೆಂದರೆ ಕಂಪ್ಯೂಟರ್ ಮರುದಿನ ಕೆಟ್ಟು ನಿಲ್ಲುತ್ತದೆ ಎಂದಲ್ಲ. ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತಯಾರಕರು ಇನ್ನು ಮುಂದೆ ತಿದ್ದುಪಡಿ ಕೊಡುವುದಿಲ್ಲ ಎಂದಷ್ಟೇ ಅದರ ಅರ್ಥ. ಇದರ ಪಕ್ಕದಲ್ಲೇ ಮೈಕ್ರೋಸಾಫ್ಟ್ ಆಫೀಸಿನ ಗಡಿಗಳನ್ನೂ ಇಟ್ಟು ನೋಡಬೇಕು. ಎಕ್ಸ್‌ಪಿ ಮತ್ತು ವಿಸ್ಟಾದಲ್ಲಿ ಕೂರುವ ಕೊನೆಯ ಆವೃತ್ತಿ ಆಫೀಸ್ 2010. ಎಕ್ಸ್‌ಪಿಯಲ್ಲಾದರೆ ಸರ್ವಿಸ್ ಪ್ಯಾಕ್ 3 (ಅಪ್‌ಡೇಟ್‌ಗಳ ಮೂರನೆಯ ಕಟ್ಟು) ಇರಲೇಬೇಕು, ಅದೂ 32 ಬಿಟ್ ಆವೃತ್ತಿ ಮಾತ್ರ. ಆಫೀಸ್ 2013 ಮತ್ತು 2016ಕ್ಕೆ ಕನಿಷ್ಠ ವಿಂಡೋಸ್ 7 ಬೇಕು. ಆಫೀಸ್ 2019ರಿಂದ ಮುಂದಕ್ಕೆ ವಿಂಡೋಸ್ 10 ಇಲ್ಲದೆ ನಡೆಯದು. ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ಇದಕ್ಕಿಂತ ಹೆಚ್ಚು ಉದಾರವಾಗಿತ್ತು: 2017ರ 5.4ನೇ ಆವೃತ್ತಿಯವರೆಗೂ ಎಕ್ಸ್‌ಪಿಯನ್ನು ಬಿಡಲಿಲ್ಲ, 2025ರ ಆರಂಭದಲ್ಲಿ ಬಂದ 25.2ನೇ ಆವೃತ್ತಿಯವರೆಗೂ ವಿಂಡೋಸ್ 7ನ್ನು ಕೈಬಿಡಲಿಲ್ಲ. ಅದೇ ವರ್ಷದ 25.8ರಿಂದ ಅದಕ್ಕೂ ವಿಂಡೋಸ್ 10 ಬೇಕಾಯಿತು.

ಈಗ ಮೊದಲನೆಯ ಬಗೆಯ ತಡೆಯನ್ನು ನೋಡೋಣ. ಇನ್‌ಸ್ಟಾಲರ್ ಶುರುವಾದ ಕೂಡಲೇ ಆಪರೇಟಿಂಗ್ ಸಿಸ್ಟಂ ಯಾವುದೆಂದು ಕೇಳಿಕೊಳ್ಳುತ್ತದೆ. ವಿಂಡೋಸ್ ತನ್ನನ್ನು ಒಳಗಡೆ ಗುರುತಿಸಿಕೊಳ್ಳುವುದು ಸಂಖ್ಯೆಗಳಿಂದ: ಎಕ್ಸ್‌ಪಿ ಎಂದರೆ 5.1, ವಿಸ್ಟಾ 6.0, ವಿಂಡೋಸ್ 7 ಎಂದರೆ 6.1, ವಿಂಡೋಸ್ 8 ಮತ್ತು 8.1 ಕ್ರಮವಾಗಿ 6.2 ಮತ್ತು 6.3, ವಿಂಡೋಸ್ 10 ಎಂದರೆ 10.0. ತಯಾರಕರು ನಿಗದಿ ಮಾಡಿದ ಸಂಖ್ಯೆಗಿಂತ ಕೆಳಗಿದ್ದರೆ ಇನ್‌ಸ್ಟಾಲರ್ ಅಲ್ಲಿಗೇ ನಿಲ್ಲುತ್ತದೆ. ತಂತ್ರಾಂಶ ಆ ಯಂತ್ರದಲ್ಲಿ ನಿಜವಾಗಿಯೂ ನಡೆಯುತ್ತದೆಯೋ ಇಲ್ಲವೋ ಎಂದು ಅದು ಪರೀಕ್ಷಿಸಿ ನೋಡಿರುವುದಿಲ್ಲ, ಸಂಖ್ಯೆಯನ್ನಷ್ಟೇ ನೋಡಿರುತ್ತದೆ.

ಇದಕ್ಕೆ ಆಫೀಸ್ 2019 ಸ್ಪಷ್ಟವಾದ ಉದಾಹರಣೆ. ಸಂಸ್ಥೆಗಳಿಗೆ ಕೊಟ್ಟ ಅದರ ಆವೃತ್ತಿಯ ಒಳಸಂಖ್ಯೆ 1808. ಇದೇ 1808 ಸಂಖ್ಯೆಯ ಚಂದಾ ಆವೃತ್ತಿ (ಕಾಲಕಾಲಕ್ಕೆ ಹಣ ಕಟ್ಟಿ ಬಳಸುವಂಥದ್ದು) ಆ ದಿನಗಳಲ್ಲಿ ವಿಂಡೋಸ್ 7ರ ಮೇಲೆ ಅಧಿಕೃತವಾಗಿಯೇ ನಡೆಯುತ್ತಿತ್ತು, ಮತ್ತು ವಿಂಡೋಸ್ 7ರಲ್ಲಿ ಚಂದಾ ಆವೃತ್ತಿ 2002ನೇ ಸಂಖ್ಯೆಯವರೆಗೂ ಮುಂದುವರಿಯಿತು. ಎಂದರೆ ಒಂದೇ ಮೂಲದಿಂದ ಬಂದ ಎರಡು ಸರಕುಗಳಲ್ಲಿ ಒಂದಕ್ಕೆ ಬಾಗಿಲು ತೆರೆದಿತ್ತು, ಇನ್ನೊಂದಕ್ಕೆ ಮುಚ್ಚಿತ್ತು. ಇಲ್ಲಿದ್ದ ತಡೆ ಮುಖ್ಯವಾಗಿ ತೀರ್ಮಾನದ್ದು. ಹಾಗೆಂದು ಆ ತೀರ್ಮಾನಕ್ಕೆ ಅರ್ಥವಿಲ್ಲವೆಂದು ನಾನು ಹೇಳುವುದಿಲ್ಲ. ಪ್ರತಿ ಆಪರೇಟಿಂಗ್ ಸಿಸ್ಟಮಿನ ಮೇಲೂ ಪ್ರತಿ ತಿಂಗಳ ಅಪ್‌ಡೇಟನ್ನು ಪರೀಕ್ಷಿಸುವುದು ದುಬಾರಿಯಾದ ಕೆಲಸ. ಪರೀಕ್ಷಿಸದ ಕಡೆ ನಡೆಯಬಹುದು ಎಂದು ಹೇಳಿ, ನಡೆಯದಿದ್ದಾಗ ಕೈಚೆಲ್ಲುವುದಕ್ಕಿಂತ ಮೊದಲೇ ಇಲ್ಲ ಎನ್ನುವುದು ಪ್ರಾಮಾಣಿಕ. ಆದರೆ ಬಳಸುವವರಿಗೆ ಈ ವ್ಯತ್ಯಾಸ ತಿಳಿದಿರಬೇಕು. ತೀರ್ಮಾನದ ತಡೆಯನ್ನು ಹೇಗಾದರೂ ದಾಟಿದರೂ ಲೈಸೆನ್ಸ್, ಆಕ್ಟಿವೇಶನ್, ಅಪ್‌ಡೇಟ್ ಎಲ್ಲವೂ ಅದೇ ತಯಾರಕರ ಕೈಯಲ್ಲಿ ಇರುವುದರಿಂದ, ಇಂದು ನಡೆದದ್ದು ಮುಂದಿನ ತಿಂಗಳು ಒಂದು ಅಪ್‌ಡೇಟಿನ ನಂತರ ನಿಂತುಹೋದರೆ ಕೇಳುವವರು ಯಾರೂ ಇರುವುದಿಲ್ಲ.

ಎರಡನೆಯ ಬಗೆಯ ತಡೆ ಇದಕ್ಕಿಂತ ಆಳದ್ದು, ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ವರ್ಡ್ ಪ್ರೊಸೆಸರ್ ಆಗಲಿ ಸ್ಪ್ರೆಡ್‌ಶೀಟ್ ಆಗಲಿ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಫೈಲ್ ತೆರೆಯುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು, ಹೊತ್ತು ಎಷ್ಟಾಯಿತೆಂದು ನೋಡುವುದು, ಒಂದೇ ಸಮಯಕ್ಕೆ ನಡೆಯುವ ಎರಡು ಕೆಲಸಗಳು ಒಂದನ್ನೊಂದು ತುಳಿಯದಂತೆ ಕಾಯುವುದು, ಇವೆಲ್ಲವನ್ನೂ ಅದು ಆಪರೇಟಿಂಗ್ ಸಿಸ್ಟಮನ್ನು ಕೇಳಿ ಮಾಡಿಸಿಕೊಳ್ಳುತ್ತದೆ. ಹೀಗೆ ಕೇಳಬಹುದಾದ ಸೇವೆಗಳಿಗೆ ಫಂಕ್ಷನ್‌ಗಳು ಎನ್ನುತ್ತಾರೆ. ಫಂಕ್ಷನ್‌ಗಳನ್ನು ಒಟ್ಟಿಗೆ ಇಟ್ಟ ಫೈಲಿಗೆ ಲೈಬ್ರರಿ ಎಂದು ಹೆಸರು. ಪ್ರತಿ ಪ್ರೋಗ್ರಾಮಿನ ಒಳಗೂ, ಯಾವ ಲೈಬ್ರರಿಯಿಂದ ಯಾವ ಫಂಕ್ಷನ್ ಬೇಕು ಎಂಬ ಪಟ್ಟಿಯೊಂದು ಬರೆದಿರುತ್ತದೆ. ನಾವು ಐಕಾನಿನ ಮೇಲೆ ಎರಡು ಬಾರಿ ಒತ್ತಿದಾಗ, ಪ್ರೋಗ್ರಾಮಿನ ಒಂದೇ ಒಂದು ಸಾಲೂ ನಡೆಯುವ ಮೊದಲು, ವಿಂಡೋಸಿನ ಲೋಡರ್ ಎಂಬ ಭಾಗ ಆ ಪಟ್ಟಿಯನ್ನು ತೆಗೆದು ಹೆಸರು ಹೆಸರಾಗಿ ಹುಡುಕುತ್ತದೆ. ಸಾವಿರ ಹೆಸರುಗಳಲ್ಲಿ ಒಂಬೈನೂರ ತೊಂಬತ್ತೊಂಬತ್ತು ಸಿಕ್ಕಿ ಒಂದು ಸಿಗದಿದ್ದರೂ ಪ್ರೋಗ್ರಾಮ್ ಶುರುವಾಗುವುದಿಲ್ಲ.

ಗೆಟ್‌ಟಿಕ್‌ಕೌಂಟ್64 ಎಂಬ ಒಂದು ಚಿಕ್ಕ ಫಂಕ್ಷನ್ನನ್ನೇ ತೆಗೆದುಕೊಳ್ಳಿ. ಕಂಪ್ಯೂಟರ್ ಚಾಲೂ ಆಗಿ ಎಷ್ಟು ಮಿಲಿಸೆಕೆಂಡು ಆಯಿತು ಎಂದು ಹೇಳುವುದಷ್ಟೇ ಅದರ ಕೆಲಸ. ಇದಕ್ಕಿಂತ ಹಿಂದೆ ಇದ್ದ ಗೆಟ್‌ಟಿಕ್‌ಕೌಂಟ್ ಈ ಸಂಖ್ಯೆಯನ್ನು 32 ಬಿಟ್ಟುಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಹಾಗಾಗಿ ಕಂಪ್ಯೂಟರ್ ಸತತವಾಗಿ ಸುಮಾರು 49.7 ದಿನ ನಡೆದರೆ ಎಣಿಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಈ ತೊಂದರೆ ತಪ್ಪಿಸಲು ವಿಸ್ಟಾದಲ್ಲಿ 64 ಬಿಟ್ಟಿನ ಹೊಸ ಫಂಕ್ಷನ್ ಬಂತು. ಹೊಸ ತಂತ್ರಾಂಶ ಬರೆಯುವವರು ಅದನ್ನು ಬಳಸುವುದು ಸರಿಯಾದದ್ದೇ. ಆದರೆ ಅದೇ ಪ್ರೋಗ್ರಾಮನ್ನು ಎಕ್ಸ್‌ಪಿಯಲ್ಲಿ ತೆರೆದರೆ, ಕರ್ನಲ್32 ಎಂಬ ಲೈಬ್ರರಿಯಲ್ಲಿ ಆ ಹೆಸರಿನ ಪ್ರವೇಶಬಿಂದು ಸಿಗಲಿಲ್ಲ ಎಂಬ ಸಂದೇಶ ಬಂದು ಎಲ್ಲವೂ ನಿಂತುಹೋಗುತ್ತದೆ. ಇಲ್ಲಿ ಯಾರ ನೀತಿಯೂ ಅಡ್ಡ ಬಂದಿಲ್ಲ. ಕೇಳಿದ ವಸ್ತು ಆ ಮನೆಯಲ್ಲಿ ಇಲ್ಲ, ಅಷ್ಟೇ.

ಲೋಡರ್ ಹೆಸರುಗಳನ್ನು ಹುಡುಕುವುದಕ್ಕೂ ಮೊದಲು ಇನ್ನೊಂದು ಸಂಗತಿಯನ್ನು ನೋಡುತ್ತದೆ. ಪ್ರೋಗ್ರಾಮ್ ಫೈಲಿನ ತಲೆಭಾಗದಲ್ಲಿ, ಇದಕ್ಕೆ ಕನಿಷ್ಠ ಯಾವ ಸಂಖ್ಯೆಯ ವಿಂಡೋಸ್ ಬೇಕು ಎಂದು ಬರೆದಿರುತ್ತದೆ. ಅಲ್ಲಿ 6.0 ಎಂದಿದ್ದು ಯಂತ್ರ 5.1 ಆಗಿದ್ದರೆ, ಇದು ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ ಎಂಬ ಸಂದೇಶ ಬರುತ್ತದೆ. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬೇಕೆಂದು ತಿಳಿದು ಅದೇ ಫೈಲನ್ನು ಮತ್ತೆ ಮತ್ತೆ ಇಳಿಸಿಕೊಳ್ಳುವವರು ಬಹಳ. ಫೈಲ್ ಸರಿಯಾಗಿಯೇ ಇರುತ್ತದೆ. ತಲೆಭಾಗದ ಆ ಸಂಖ್ಯೆಯನ್ನು ತಿದ್ದುವ ಉಪಾಯವನ್ನೂ ಕೆಲವರು ಹೇಳಿಕೊಡುತ್ತಾರೆ. ಅದರಿಂದ ಮೊದಲ ಹೊಸ್ತಿಲನ್ನಷ್ಟೇ ದಾಟಬಹುದು, ಇಲ್ಲದ ಫಂಕ್ಷನ್ ಮುಂದಿನ ಹೆಜ್ಜೆಯಲ್ಲಿ ಕಾದಿರುತ್ತದೆ.

ಕಂಪ್ಯಾಟಿಬಿಲಿಟಿ ಮೋಡ್ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಬಿಡಿಸಿಬಿಡಬೇಕು. ಐಕಾನಿನ ಮೇಲೆ ಬಲ ಗುಂಡಿ ಒತ್ತಿ, ಗುಣಲಕ್ಷಣಗಳಿಗೆ ಹೋಗಿ, ಬೇರೊಂದು ವಿಂಡೋಸ್ ಹೆಸರನ್ನು ಆರಿಸುವ ಸೌಲಭ್ಯ ಅದು. ಹಳೆಯ ಪ್ರೋಗ್ರಾಮನ್ನು ಹೊಸ ವಿಂಡೋಸಿನಲ್ಲಿ ನಡೆಸಲೆಂದು ಮಾಡಿದ ಏರ್ಪಾಡು ಅದು. ನಮಗೆ ಬೇಕಾಗಿರುವುದು ಅದರ ವಿರುದ್ಧ ದಿಕ್ಕು. ಅದು ಮುಖ್ಯವಾಗಿ ಮಾಡುವ ಕೆಲಸವೆಂದರೆ, ಪ್ರೋಗ್ರಾಮ್ ‘ನೀನು ಯಾವ ವಿಂಡೋಸ್’ ಎಂದು ಕೇಳಿದಾಗ ಬೇರೆ ಸಂಖ್ಯೆಯನ್ನು ಹೇಳುವುದು ಮತ್ತು ಕೆಲವು ಹಳೆಯ ನಡವಳಿಕೆಗಳನ್ನು ಅನುಕರಿಸುವುದು. ಹೆಸರು ಬದಲಿಸಿ ಹೇಳಬಹುದು, ಆದರೆ ಇಲ್ಲದ ಫಂಕ್ಷನ್ನನ್ನು ಅದರಿಂದ ಹುಟ್ಟಿಸಲಾಗದು.

ಹಾಗಾದರೆ ತಂತ್ರಾಂಶ ಬರೆಯುವವರು ಹಳೆಯ ಫಂಕ್ಷನ್‌ಗಳಲ್ಲೇ ಕೆಲಸ ಸಾಗಿಸಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಅನೇಕ ಸಲ ಆ ನಿರ್ಧಾರ ಅವರ ಕೈಯಲ್ಲೂ ಇರುವುದಿಲ್ಲ. ಆಫೀಸ್ ತಂತ್ರಾಂಶವೆಂಬುದು ಹತ್ತಾರು ಬೇರೆ ಬೇರೆ ಘಟಕಗಳನ್ನು ಕೂಡಿಸಿ ಕಟ್ಟಿದ್ದು. ಅದನ್ನು ಕಂಪೈಲ್ ಮಾಡುವ, ಎಂದರೆ ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಉಪಕರಣವೂ ಬೇರೆಯವರದು. ಉದಾಹರಣೆಗೆ ಮೈಕ್ರೋಸಾಫ್ಟಿನ ಅಂಥ ಉಪಕರಣವಾದ ವಿಷುಯಲ್ ಸ್ಟುಡಿಯೋದಲ್ಲಿ 2017ರ ಆವೃತ್ತಿಯವರೆಗೆ ಎಕ್ಸ್‌ಪಿಗಾಗಿ ಕಂಪೈಲ್ ಮಾಡುವ ಸೌಲಭ್ಯ ಇತ್ತು, 2019ರ ಆವೃತ್ತಿಯ ಹೊಸ ಉಪಕರಣದಲ್ಲಿ ಅದನ್ನು ತೆಗೆದುಹಾಕಿದರು. ವಿಂಡೋಸಿನ ಲಿಬ್ರೆಆಫೀಸ್ ತನ್ನ ಜೊತೆಯಲ್ಲೇ ಪೈಥಾನ್ ಭಾಷೆಯನ್ನು ತರುತ್ತದೆ. ಆ ಪೈಥಾನ್ 3.5ರಲ್ಲಿ ಎಕ್ಸ್‌ಪಿಯನ್ನೂ 3.9ರಲ್ಲಿ ವಿಂಡೋಸ್ 7ನ್ನೂ ಬಿಟ್ಟಿತು. ಒಂದು ಘಟಕ ಮುಂದೆ ಹೋದರೆ ಉಳಿದವರು ಅದರ ಹಳೆಯ, ತಿದ್ದುಪಡಿಯಿಲ್ಲದ ಆವೃತ್ತಿಯನ್ನು ಹಿಡಿದುಕೊಂಡು ಕೂರಬೇಕು, ಇಲ್ಲವೇ ತಾವೇ ತೇಪೆ ಹಾಕಿಕೊಳ್ಳಬೇಕು, ಅದೂ ಆಗದಿದ್ದರೆ ತಾವೂ ಮುಂದೆ ಹೋಗಬೇಕು. ಸ್ವಯಂಸೇವಕರೂ ದುಡಿಯುವ ಯೋಜನೆಯೊಂದು ಇಷ್ಟು ವರ್ಷ ವಿಂಡೋಸ್ 7ನ್ನು ಹೊತ್ತು ನಡೆದದ್ದೇ ದೊಡ್ಡ ಮಾತು ಎಂದು ನನಗೆ ಅನಿಸುತ್ತದೆ.

ಇಲ್ಲದ ಫಂಕ್ಷನ್ನಿನ ತಡೆಯಲ್ಲೂ ಕೆಲವು ಕಡೆ ಬಾಗಿಲು ಇರುತ್ತದೆ. ವಿಂಡೋಸ್ 7ರಲ್ಲಿ ಬಹಳ ಮಂದಿಗೆ ಎದುರಾಗುವ ಸಂದೇಶವೆಂದರೆ, ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಎಂದು ಶುರುವಾಗುವ ಉದ್ದ ಹೆಸರಿನ ಫೈಲ್ ಕಾಣಿಸುತ್ತಿಲ್ಲ ಎಂಬುದು. ಇದು ಯೂನಿವರ್ಸಲ್ ಸಿ ರನ್‌ಟೈಮ್ ಎಂಬ ಭಾಗ. ವಿಂಡೋಸ್ 10ರಲ್ಲಿ ಹುಟ್ಟಿನಿಂದಲೇ ಇರುವ ಇದನ್ನು ವಿಂಡೋಸ್ 7 ಸರ್ವಿಸ್ ಪ್ಯಾಕ್ 1ಕ್ಕೂ ಕೆಬಿ2999226 ಎಂಬ ಅಪ್‌ಡೇಟ್ ಮೂಲಕ ಮೈಕ್ರೋಸಾಫ್ಟ್ ಕೊಟ್ಟಿದೆ. ಆ ಅಪ್‌ಡೇಟನ್ನು ಹಾಕಿಕೊಂಡರೆ ಸಮಸ್ಯೆ ಮುಗಿಯುತ್ತದೆ. ಆದರೆ ಜನ ಮಾಡುವುದು ಬೇರೆ: ಸಂದೇಶದಲ್ಲಿ ಕಂಡ ಹೆಸರನ್ನು ಹುಡುಕಿ, ಬಿಡಿ ಬಿಡಿಯಾಗಿ ಇಂಥ ಫೈಲುಗಳನ್ನು ಹಂಚುವ ಯಾವುದೋ ಜಾಲತಾಣದಿಂದ ಒಂದನ್ನು ಇಳಿಸಿ, ಸಿಸ್ಟಂ ಫೋಲ್ಡರಿಗೆ ಹಾಕಿಬಿಡುತ್ತಾರೆ. ಆ ಫೈಲ್ ಎಲ್ಲಿಂದ ಬಂತು, ಅದರೊಳಗೆ ಏನಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಆದರೂ ಪ್ರೋಗ್ರಾಮ್ ಅದನ್ನು ನಂಬಿ ನಡೆಸುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ಹೊಸ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವ ಮೊದಲು ಹಳೆಯ ಸಿಸ್ಟಮಿಗೆ ಬಂದಿದ್ದ ಕೊನೆಯ ಸರ್ವಿಸ್ ಪ್ಯಾಕ್ ಮತ್ತು ಕೊನೆಯ ಅಪ್‌ಡೇಟ್‌ಗಳು ಇವೆಯೇ ಎಂದು ನೋಡುವುದು ಮೊದಲ ಕೆಲಸವಾಗಬೇಕು. ಅರ್ಧಕ್ಕರ್ಧ ತೊಂದರೆಗಳು ಅಲ್ಲಿಯೇ ಬಗೆಹರಿಯುತ್ತವೆ.

ಇಲ್ಲದ ಫಂಕ್ಷನ್‌ಗಳನ್ನು ಹೊರಗಿನಿಂದ ಸೇರಿಸುವ ಪ್ರಯತ್ನಗಳೂ ಇವೆ. ವಿಂಡೋಸ್ 7ಕ್ಕೆ ವಿಎಕ್ಸ್‌ಕೆಕ್ಸ್, ಎಕ್ಸ್‌ಪಿಗೆ ಒನ್-ಕೋರ್-ಎಪಿಐ ಎಂಬ ಹವ್ಯಾಸಿಗಳ ಯೋಜನೆಗಳು, ಹೊಸ ವಿಂಡೋಸಿನ ಫಂಕ್ಷನ್‌ಗಳನ್ನು ತಾವೇ ಬರೆದು ಹಳೆಯದಕ್ಕೆ ಜೋಡಿಸುತ್ತವೆ. ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿನ ಮೇಲೆ ವಿಂಡೋಸ್ ಪ್ರೋಗ್ರಾಮ್ ನಡೆಸುವ ವೈನ್ ಕೂಡ ಹೆಚ್ಚುಕಡಿಮೆ ಇದೇ ತತ್ತ್ವದ್ದು: ಪ್ರೋಗ್ರಾಮ್ ಕೇಳಿದ ಹೆಸರಿಗೆ ಯಾರಾದರೂ ಓಗೊಟ್ಟರೆ ಸಾಕು. ಇದರ ಹಿಂದಿನ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ದಿನನಿತ್ಯದ ಲೆಕ್ಕಪತ್ರ, ಅರ್ಜಿ, ವರದಿಗಳನ್ನು ಇಟ್ಟುಕೊಂಡಿರುವ ಕಂಪ್ಯೂಟರಿಗೆ ಇದನ್ನು ಸೂಚಿಸಲಾರೆ. ಓಗೊಟ್ಟ ಫಂಕ್ಷನ್ ಮೂಲದಂತೆಯೇ ನಡೆದುಕೊಳ್ಳುತ್ತದೆಂಬ ಖಾತರಿ ಇಲ್ಲ. ಸಣ್ಣ ವ್ಯತ್ಯಾಸವೊಂದು ತಕ್ಷಣ ಕಾಣದೆ, ಫೈಲ್ ಉಳಿಸುವಾಗಲೋ ಪ್ರಿಂಟ್ ಕೊಡುವಾಗಲೋ ಪ್ರಕಟವಾಗಬಹುದು. ಆಫೀಸ್ ತಂತ್ರಾಂಶದಲ್ಲಿ ಅತ್ಯಂತ ಬೆಲೆಯುಳ್ಳದ್ದು ತಂತ್ರಾಂಶವಲ್ಲ, ಅದರಲ್ಲಿ ಮಾಡಿದ ಫೈಲ್.

ಈ ಕಷ್ಟ ವಿಂಡೋಸಿಗೆ ಮಾತ್ರ ಸೀಮಿತವಲ್ಲ. ಮ್ಯಾಕ್ ಕಂಪ್ಯೂಟರಿನ ಪ್ರತಿ ಆ್ಯಪ್ ಒಳಗೂ ಕನಿಷ್ಠ ಸಿಸ್ಟಂ ಆವೃತ್ತಿ ಬರೆದಿರುತ್ತದೆ, ಮತ್ತು ಮೈಕ್ರೋಸಾಫ್ಟ್ ತನ್ನ ಆಫೀಸನ್ನು ಮ್ಯಾಕ್ ಸಿಸ್ಟಮಿನ ಇತ್ತೀಚಿನ ಮೂರು ಆವೃತ್ತಿಗಳಿಗೆ ಮಾತ್ರ ಬೆಂಬಲಿಸುತ್ತದೆ. ಲಿನಕ್ಸಿನಲ್ಲಿ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ ಆವೃತ್ತಿ ಹಳೆಯದಾಗಿದ್ದರೆ ಹೊಸ ಪ್ರೋಗ್ರಾಮ್ ಅದೇ ರೀತಿ ನಿಂತುಬಿಡುತ್ತದೆ. ಆದರೆ ಅಲ್ಲಿ ಫ್ಲ್ಯಾಟ್‌ಪ್ಯಾಕ್ ಎಂಬ ವಿಧಾನ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನೆಲ್ಲ, ಜಿಲಿಬ್‌ಸಿಯನ್ನೂ ಸೇರಿಸಿ, ಒಂದೇ ಮೂಟೆಯಾಗಿ ತಂದುಕೊಡುತ್ತದೆ. ಲಿನಕ್ಸ್ ಕರ್ನಲ್, ಎಂದರೆ ಆ ಸಿಸ್ಟಮಿನ ತಿರುಳಿನ ಭಾಗ, ತನ್ನ ಹಳೆಯ ವಾಗ್ದಾನಗಳನ್ನು ಮುರಿಯುವುದಿಲ್ಲವಾದ್ದರಿಂದ, ತುಸು ಹಳೆಯ ಲಿನಕ್ಸಿನ ಮೇಲೂ ಹೊಸ ಲಿಬ್ರೆಆಫೀಸ್ ನಡೆಯುವುದು ಇದರಿಂದ ಸಾಧ್ಯವಾಗಿದೆ.

ಮೂರನೆಯ ತಡೆ ಕಂಪ್ಯೂಟರಿನ ಹೊರಗಿದೆ. ಈಗಿನ ಆಫೀಸ್ ತಂತ್ರಾಂಶ ಇನ್‌ಸ್ಟಾಲ್ ಆಗುವಾಗ, ಆಕ್ಟಿವೇಟ್ ಆಗುವಾಗ, ಲಾಗಿನ್ ಆಗುವಾಗ ತಯಾರಕರ ಸರ್ವರ್ ಜೊತೆ ಗುಪ್ತಭಾಷೆಯಲ್ಲಿ ಮಾತಾಡಬೇಕು. ಆ ಗುಪ್ತಭಾಷೆಯ ನಿಯಮಕ್ಕೆ ಟಿಎಲ್‌ಎಸ್ ಎನ್ನುತ್ತಾರೆ. ಇದರ 1.0 ಮತ್ತು 1.1ನೇ ಆವೃತ್ತಿಗಳನ್ನು ಅಂತರ್ಜಾಲದ ಮಾನದಂಡ ರೂಪಿಸುವ ಐಇಟಿಎಫ್ 2021ರ ಮಾರ್ಚ್‌ನಲ್ಲಿ ಬಳಕೆಯಿಂದ ಕೈಬಿಟ್ಟಿತು. ಎಕ್ಸ್‌ಪಿಯ ಸ್ವಂತ ಲೈಬ್ರರಿಗೆ 1.0 ಬಿಟ್ಟು ಮುಂದಿನದು ತಿಳಿಯದು. ವಿಂಡೋಸ್ 7ಕ್ಕೆ 1.2 ತಿಳಿದಿದೆ, ಆದರೆ ಪ್ರೋಗ್ರಾಮ್‌ಗಳು ಬಳಸುವ ಒಂದು ಮುಖ್ಯ ಮಾರ್ಗದಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ. ಅದಕ್ಕೆ ಕೆಬಿ3140245 ಎಂಬ ಅಪ್‌ಡೇಟೂ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಒಂದು ಬದಲಾವಣೆಯೂ ಬೇಕು. ಜೊತೆಗೆ, ಪ್ರೋಗ್ರಾಮ್ ಫೈಲುಗಳ ಮೇಲಿನ ಡಿಜಿಟಲ್ ಸಹಿ ಶಾ-2 ವಿಧಾನಕ್ಕೆ ಬದಲಾಗಿದೆ. ಅದನ್ನು ಪೂರ್ತಿಯಾಗಿ ಓದಲು ವಿಂಡೋಸ್ 7ಕ್ಕೆ 2019ರಲ್ಲಿ ಬಂದ ಕೆಬಿ4474419 ಬೇಕು. ಇವು ಇಲ್ಲದಿದ್ದರೆ, ತಂತ್ರಾಂಶ ಪೂರ್ತಿ ಸರಿಯಿದ್ದರೂ ಇಂಟರ್ನೆಟ್ ಸಂಪರ್ಕವಿಲ್ಲ ಎಂದೋ ಸಹಿ ನಂಬಲರ್ಹವಲ್ಲ ಎಂದೋ ದಿಕ್ಕು ತಪ್ಪಿಸುವ ಸಂದೇಶ ಬರುತ್ತದೆ. ಬ್ರೌಸರಿನಲ್ಲಿ ಎಲ್ಲ ಪುಟಗಳೂ ತೆರೆಯುತ್ತಿರುವಾಗ ಆಫೀಸಿಗೆ ಮಾತ್ರ ಇಂಟರ್ನೆಟ್ ಸಿಗುತ್ತಿಲ್ಲವೆಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಬ್ರೌಸರಿಗೆ ಏಕೆ ತೊಂದರೆಯಿಲ್ಲವೆಂದರೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ ತಮ್ಮ ಟಿಎಲ್‌ಎಸ್ ಅನ್ನು ತಾವೇ ಹೊತ್ತು ತರುತ್ತವೆ, ವಿಂಡೋಸನ್ನು ಕೇಳುವುದಿಲ್ಲ.

ಇಷ್ಟೆಲ್ಲವನ್ನೂ ದಾಟಿ ಹೊಸ ಆಫೀಸ್ ಹಳೆಯ ಸಿಸ್ಟಮಿನಲ್ಲಿ ನಡೆಯಿತೆಂದೇ ಇಟ್ಟುಕೊಳ್ಳೋಣ. ಆಫೀಸ್ ಹೊಸದು, ಅದಕ್ಕೆ ಭದ್ರತಾ ತಿದ್ದುಪಡಿಗಳು ಬರುತ್ತಿವೆ, ಹಾಗಾಗಿ ಫೈಲುಗಳಿಂದ ಅಪಾಯವಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಈ ನಂಬಿಕೆಯೇ ನನ್ನನ್ನು ಹೆಚ್ಚು ಚಿಂತೆಗೆ ಈಡುಮಾಡುವುದು. 2020ರ ಮಾರ್ಚ್ 23ರಂದು ಮೈಕ್ರೋಸಾಫ್ಟ್ ಒಂದು ಎಚ್ಚರಿಕೆ ಹೊರಡಿಸಿತು: ವಿಂಡೋಸಿನೊಳಗಿನ ಅಡೋಬಿ ಟೈಪ್ ಮ್ಯಾನೇಜರ್ ಎಂಬ ಲೈಬ್ರರಿಯಲ್ಲಿ ದೋಷವಿದೆ, ವಿಶೇಷವಾಗಿ ತಯಾರಿಸಿದ ಡಾಕ್ಯುಮೆಂಟ್ ಒಂದನ್ನು ತೆರೆದರೆ ಅಥವಾ ಫೋಲ್ಡರಿನ ಪ್ರಿವ್ಯೂ ಭಾಗದಲ್ಲಿ ನೋಡಿದರೂ ಸಾಕು, ದಾಳಿಕೋರರ ಕೋಡ್ ನಡೆಯಬಹುದು. ದೋಷ ಇದ್ದದ್ದು ವರ್ಡಿನಲ್ಲಲ್ಲ, ಅಕ್ಷರವಿನ್ಯಾಸವನ್ನು ಓದುವ ವಿಂಡೋಸಿನ ಭಾಗದಲ್ಲಿ. ವಿಂಡೋಸ್ 10ರಲ್ಲಿ ಆ ಓದುವಿಕೆ ಬಿಗಿಯಾದ ಆವರಣದೊಳಗೆ ನಡೆಯುತ್ತಿದ್ದುದರಿಂದ ಹಾನಿ ಸೀಮಿತವಾಗಿತ್ತು. ವಿಂಡೋಸ್ 7ರಲ್ಲಿ ಅದು ಕರ್ನಲ್ ಒಳಗೇ ನಡೆಯುತ್ತಿತ್ತು. ತಿದ್ದುಪಡಿ ಏಪ್ರಿಲ್ 14ರಂದು ಬಂತು. ವಿಂಡೋಸ್ 7ರ ಬೆಂಬಲ ಮುಗಿದು ಆಗ ಸರಿಯಾಗಿ ಮೂರು ತಿಂಗಳಾಗಿತ್ತು, ಹಾಗಾಗಿ ಹಣ ಕೊಟ್ಟು ವಿಸ್ತರಿತ ಬೆಂಬಲ ಪಡೆದಿದ್ದ ಸಂಸ್ಥೆಗಳಿಗಷ್ಟೇ ಅದು ಸಿಕ್ಕಿತು.

2022ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಫೊಲಿನಾ ಎಂಬ ದೋಷವೂ ಇದೇ ಪಾಠವನ್ನು ಬೇರೆ ರೀತಿಯಲ್ಲಿ ತೋರಿಸಿತು. ಅಲ್ಲಿ ವರ್ಡ್ ಫೈಲ್ ನೆಪ ಮಾತ್ರ. ಅದು ವಿಂಡೋಸಿನ ತೊಂದರೆ ಪತ್ತೆಹಚ್ಚುವ ಉಪಕರಣವನ್ನು ಕರೆದು, ಅದರ ಮೂಲಕ ಆಜ್ಞೆಗಳನ್ನು ನಡೆಸುತ್ತಿತ್ತು. ಮ್ಯಾಕ್ರೋಗಳನ್ನು (ಫೈಲಿನೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಮ್‌ಗಳು) ತಡೆದಿದ್ದವರೂ ಅದಕ್ಕೆ ಸಿಕ್ಕಿಬೀಳಬಹುದಿತ್ತು. ಆಫೀಸ್ ತಂತ್ರಾಂಶ ತನ್ನ ಅರ್ಧ ಕೆಲಸವನ್ನು ಆಪರೇಟಿಂಗ್ ಸಿಸ್ಟಮಿನಿಂದ ಮಾಡಿಸಿಕೊಳ್ಳುತ್ತದೆ ಎಂದು ಮೇಲೆ ಹೇಳಿದೆನಲ್ಲ, ಆ ಅರ್ಧದಲ್ಲಿರುವ ದೋಷಗಳೂ ಹಾಗೆಯೇ ಅದರ ಪಾಲಿಗೆ ಬರುತ್ತವೆ.

ಈಗ ಮೂಲ ಪ್ರಶ್ನೆಗೆ ಮರಳಬಹುದು. ನಮಗೆ ನಿಜಕ್ಕೂ ಬೇಕಾಗಿರುವುದು ಹೊಸ ಆಫೀಸೇ, ಅಥವಾ ಯಾರೋ ಕಳಿಸಿದ ಹೊಸ ಬಗೆಯ ಫೈಲನ್ನು ಸರಿಯಾಗಿ ತೆರೆಯುವುದೇ? ಹೆಚ್ಚಿನವರ ಉತ್ತರ ಎರಡನೆಯದು, ಮತ್ತು ಅದಕ್ಕೆ ಎಷ್ಟೋ ಸಲ ಸುಲಭದ ದಾರಿ ಇರುತ್ತದೆ. ಡಾಕ್ಸ್ ಮತ್ತು ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬ ಫೈಲ್ ವಿಧಗಳು ಆಫೀಸ್ 2007ರಿಂದ ಬಳಕೆಯಲ್ಲಿವೆ, 2008ರಲ್ಲಿ ಅಂತರರಾಷ್ಟ್ರೀಯ ಮಾನದಂಡವೂ ಆದವು. ಹದಿನೈದು ವರ್ಷ ಹಳೆಯ ಆಫೀಸ್ 2010 ಕೂಡ ಇಂದಿನ ಸಾಮಾನ್ಯ ಪತ್ರವೊಂದನ್ನು ತೆರೆಯುತ್ತದೆ. ಮುರಿಯುವುದು ಅಂಚುಗಳಲ್ಲಿ.

ಎಕ್ಸ್‌ಲುಕ್‌ಅಪ್ ಎಂಬ ಸೂತ್ರ ಬಳಸಿದ ಸ್ಪ್ರೆಡ್‌ಶೀಟನ್ನು ಎಕ್ಸೆಲ್ 2016ರಲ್ಲಿ ತೆರೆದು ನೋಡಿ. ಮೊದಲ ನೋಟಕ್ಕೆ ಎಲ್ಲ ಅಂಕಿಗಳೂ ಸರಿಯಾಗಿಯೇ ಇರುತ್ತವೆ, ಏಕೆಂದರೆ ಫೈಲಿನೊಳಗೆ ಸೂತ್ರದ ಜೊತೆ ಅದರ ಕೊನೆಯ ಉತ್ತರವೂ ಉಳಿದಿರುತ್ತದೆ. ಕೋಶದ ಮೇಲೆ ಹೋದರೆ ಸೂತ್ರದ ಹಿಂದೆ ‘ಎಕ್ಸ್‌ಎಲ್‌ಎಫ್‌ಎನ್’ ಎಂಬ ವಿಚಿತ್ರ ಉಪಸರ್ಗ ಕಾಣುತ್ತದೆ. ಈ ಹೆಸರು ನನಗೆ ಗೊತ್ತಿಲ್ಲ ಎಂದು ಎಕ್ಸೆಲ್ ಹೇಳುವ ಬಗೆ ಅದು. ಯಾವುದೋ ಗಳಿಗೆಯಲ್ಲಿ ಮರುಲೆಕ್ಕ ನಡೆದಾಗ ಆ ಅಂಕಿ ಮಾಯವಾಗಿ ಹೆಸರಿನ ದೋಷ ಎಂಬ ಸೂಚನೆ ಬಂದು ಕೂರುತ್ತದೆ, ಅದನ್ನು ಅವಲಂಬಿಸಿದ ಮೊತ್ತಗಳೆಲ್ಲ ಸಾಲಾಗಿ ಕೆಡುತ್ತವೆ. ಈ ಸೂತ್ರ ಎಕ್ಸೆಲ್ 2019ರಲ್ಲೂ ಇಲ್ಲ, 2021ರಿಂದ ಮಾತ್ರ ಇದೆ. ಆದರೆ ಲಿಬ್ರೆಆಫೀಸ್ 24.8ರಲ್ಲಿ ಅದು ಬಂದಿದೆ, ಮತ್ತು ಆ ಆವೃತ್ತಿ ವಿಂಡೋಸ್ 7ರಲ್ಲಿ ನಡೆಯುತ್ತದೆ. ಇದನ್ನು ತಿಳಿದವರಿಗೆ ಆಫೀಸ್ 2021ನ್ನು ವಿಂಡೋಸ್ 7ಕ್ಕೆ ತುರುಕುವ ಪ್ರಯಾಸವೇ ಬೇಡ. ಅದೂ ಬೇಡವೆಂದರೆ, ಫೈಲ್ ಕಳಿಸುವವರನ್ನು ಇಂಡೆಕ್ಸ್ ಮತ್ತು ಮ್ಯಾಚ್ ಎಂಬ ಹಳೆಯ ಸೂತ್ರಗಳಲ್ಲಿ ಬರೆಯುವಂತೆ ಕೇಳಿಕೊಳ್ಳಬಹುದು. ಉತ್ತರ ಅದೇ ಬರುತ್ತದೆ, ಎಲ್ಲ ಆವೃತ್ತಿಗಳಲ್ಲೂ ನಡೆಯುತ್ತದೆ.

ಪುಟಗಳು ಅಸ್ತವ್ಯಸ್ತವಾಗುವುದಕ್ಕೆ ಬಹುಪಾಲು ಕಾರಣ ಫಾಂಟ್. ಮೈಕ್ರೋಸಾಫ್ಟ್ 2023ರಿಂದ ತನ್ನ ಚಂದಾ ಆಫೀಸಿನಲ್ಲಿ ಕ್ಯಾಲಿಬ್ರಿಯ ಬದಲು ಆಪ್ಟೋಸ್ ಎಂಬ ಫಾಂಟನ್ನು ಮೂಲ ಆಯ್ಕೆಯಾಗಿ ಇಡತೊಡಗಿತು. ಅದು ಹಳೆಯ ಯಂತ್ರದಲ್ಲಿ ಇಲ್ಲದಾಗ ಬೇರೊಂದು ಫಾಂಟ್ ಆ ಜಾಗಕ್ಕೆ ಬರುತ್ತದೆ, ಅಕ್ಷರದ ಅಗಲ ಬೇರೆಯಾದ್ದರಿಂದ ಸಾಲು ಬೇರೆ ಕಡೆ ಮುರಿಯುತ್ತದೆ, ಹತ್ತು ಪುಟ ಹನ್ನೊಂದಾಗುತ್ತದೆ. ಕನ್ನಡದಲ್ಲಿ ಬರೆಯುವವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು: ಎಕ್ಸ್‌ಪಿ ಕಾಲದ ತುಂಗಾ ಫಾಂಟಿಗೂ ವಿಂಡೋಸ್ 8ರಿಂದ ಬಂದ ನಿರ್ಮಲಾ ಯುಐಗೂ ಗಾತ್ರವೂ ಸಾಲಿನ ಎತ್ತರವೂ ಬೇರೆ. ಒತ್ತಕ್ಷರಗಳನ್ನು ಜೋಡಿಸುವ ಕೆಲಸ ವಿಂಡೋಸಿನ ಲೈಬ್ರರಿಗೆ ಬಿಟ್ಟಿದ್ದಾಗ ಆವೃತ್ತಿಯಿಂದ ಆವೃತ್ತಿಗೆ ವ್ಯತ್ಯಾಸ ಕಾಣುತ್ತಿತ್ತು. ಲಿಬ್ರೆಆಫೀಸ್ 5.3ರಿಂದ ತನ್ನ ಜೊತೆಗೇ ತರುವ ಹಾರ್ಫ್‌ಬಜ್ ಎಂಬ ಎಂಜಿನ್ನನ್ನು ಎಲ್ಲ ಕಡೆ ಬಳಸುತ್ತಿರುವುದರಿಂದ, ಹಳೆಯ ಸಿಸ್ಟಮಿನಲ್ಲೂ ಅಕ್ಷರಜೋಡಣೆ ಹೊಸದರಂತೆಯೇ ಬರುತ್ತದೆ. ಇಲ್ಲಿ ಆಫೀಸ್ ಹೊಸದಾದದ್ದರಿಂದ ನಿಜವಾದ ಲಾಭವಿದೆ.

ಹಾಗಾದರೆ ಯಾವ ದಾರಿ ಹಿಡಿಯಬೇಕು? ವಿಂಡೋಸ್ 10 ಇದ್ದವರಿಗೆ ಅವಸರವಿಲ್ಲ: ಮನೆ ಬಳಕೆಯವರಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ, ಆ ಸಿಸ್ಟಮಿನ ಮೇಲಿನ ಚಂದಾ ಆಫೀಸಿಗೆ ಭದ್ರತಾ ತಿದ್ದುಪಡಿಗಳು 2028ರ ಅಕ್ಟೋಬರ್ 10ರವರೆಗೆ ಬರುತ್ತವೆ. ಆದರೆ ಮೊದಲನೆಯ ದಿನಾಂಕ ದಾಟಿದ ನಂತರ ಮೇಲೆ ವಿವರಿಸಿದ ಸ್ಥಿತಿ, ಎಂದರೆ ಹೊಸ ಆಫೀಸಿನ ಕೆಳಗೆ ತಿದ್ದುಪಡಿಯಿಲ್ಲದ ಸಿಸ್ಟಂ, ಅವರಿಗೂ ಬರುತ್ತದೆ. ವಿಂಡೋಸ್ 7 ಅಥವಾ 8.1 ಇದ್ದವರು ಲಿಬ್ರೆಆಫೀಸ್ 25.2ಕ್ಕೆ ಹೋಗಿ ಅಲ್ಲಿ ನಿಲ್ಲಬಹುದು. ಬ್ರೌಸರಿನಲ್ಲಿ ನಡೆಯುವ ಆಫೀಸ್ ಸೇವೆಗಳೂ ಒಂದು ದಾರಿಯೇ, ಆದರೆ ಈ ಸಿಸ್ಟಂಗಳಲ್ಲಿ ಕ್ರೋಮ್ 109ಕ್ಕೇ ನಿಂತಿರುವುದರಿಂದ ಆ ಸೇವೆಗಳು ಒಂದೊಂದಾಗಿ ಹಳೆಯ ಬ್ರೌಸರನ್ನು ನಿರಾಕರಿಸುವ ದಿನ ದೂರವಿರುವುದಿಲ್ಲ. ಎಕ್ಸ್‌ಪಿ ಇದ್ದವರು ಹೊಸ ಆಫೀಸಿನ ಆಸೆಯನ್ನೇ ಬಿಟ್ಟು, ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ಕಳಚಿ, ಇರುವ ಆಫೀಸಿನಲ್ಲೇ ಕೆಲಸ ಮಾಡುವುದು ಕ್ಷೇಮ.

ಯಂತ್ರಾಂಶ ಒಪ್ಪುವುದಾದರೆ ಹಳೆಯ ಕಂಪ್ಯೂಟರಿಗೆ ಹಗುರವಾದ ಲಿನಕ್ಸ್ ಹಾಕಿ, ಅದರ ಮೇಲೆ ಇಂದಿನ ಲಿಬ್ರೆಆಫೀಸ್ ನಡೆಸುವುದು ನಾನು ಹೆಚ್ಚು ಭರವಸೆಯಿಂದ ಹೇಳಬಲ್ಲ ದಾರಿ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಇಲ್ಲದ ಯಂತ್ರಗಳೂ ಇದರಿಂದ ತಿದ್ದುಪಡಿಗಳಿರುವ ಸಿಸ್ಟಮಿನ ಮೇಲೆ ಬರುತ್ತವೆ. ಮೊದಲು ಪೆನ್‌ಡ್ರೈವಿನಿಂದ ಚಾಲೂ ಮಾಡಿ, ಪ್ರಿಂಟರ್ ನಡೆಯುತ್ತದೆಯೇ, ನಿಮ್ಮ ಅತಿ ಕ್ಲಿಷ್ಟವಾದ ಒಂದು ಫೈಲಿನ ನಕಲು ಸರಿಯಾಗಿ ತೆರೆಯುತ್ತದೆಯೇ, ಮ್ಯಾಕ್ರೋಗಳು ಓಡುತ್ತವೆಯೇ ಎಂದು ನೋಡಿಕೊಳ್ಳಿ. ಮ್ಯಾಕ್ರೋ ಹೆಚ್ಚಿರುವ ಎಕ್ಸೆಲ್ ಫೈಲುಗಳಲ್ಲಿ ಈ ದಾರಿ ಕೈಕೊಡುವುದುಂಟು.

ಹಳೆಯ ವಿಂಡೋಸನ್ನು ಬಿಡಲಾಗದ ಕಾರಣ ಒಂದು ಹಳೆಯ ಲೆಕ್ಕದ ಪ್ರೋಗ್ರಾಮೋ ಹೊಸ ಡ್ರೈವರ್ ಸಿಗದ ಸ್ಕ್ಯಾನರೋ ಆಗಿದ್ದರೆ, ಏರ್ಪಾಡನ್ನು ತಿರುಗಿಸಿ ನೋಡುವುದು ಒಳ್ಳೆಯದು. ಹಳೆಯ ಸಿಸ್ಟಮಿನೊಳಗೆ ಹೊಸ ಆಫೀಸನ್ನು ಕೂರಿಸುವ ಬದಲು, ಸ್ವಲ್ಪ ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಮಷೀನ್ (ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರ್) ಮಾಡಿ ಹಳೆಯ ಸಿಸ್ಟಮನ್ನೇ ಅದರಲ್ಲಿ ಇಡಬಹುದು. ಆಫೀಸ್ ಹೊರಗಿನ ಹೊಸ ಸಿಸ್ಟಮಿನಲ್ಲಿ ಇರುತ್ತದೆ, ಹಳೆಯ ಪ್ರೋಗ್ರಾಮ್ ಒಳಗಿನ ಹಳೆಯದರಲ್ಲಿ ಇರುತ್ತದೆ, ಎರಡರ ನಡುವೆ ಒಂದೇ ಒಂದು ಹಂಚಿಕೆಯ ಫೋಲ್ಡರ್. ಯುಎಸ್‌ಬಿ ಸ್ಕ್ಯಾನರನ್ನು ಒಳಗಿನ ಯಂತ್ರಕ್ಕೆ ನೇರವಾಗಿ ಒಪ್ಪಿಸಬಹುದು. ಒಳಗಿನ ಯಂತ್ರದ ನೆಟ್‌ವರ್ಕ್ ಕಾರ್ಡನ್ನು ಸೆಟ್ಟಿಂಗ್ಸ್‌ನಲ್ಲೇ ತೆಗೆದುಹಾಕಿದರೆ ಇಂಟರ್ನೆಟ್ಟಿಗೂ ಅದಕ್ಕೂ ನೇರ ಸಂಬಂಧ ಉಳಿಯುವುದಿಲ್ಲ, ಹೊರಗಿನಿಂದ ಬಂದ ಅಪರಿಚಿತ ಡಾಕ್ಯುಮೆಂಟ್‌ಗಳನ್ನು ಅದರಲ್ಲಿ ತೆರೆಯುವ ಅಗತ್ಯವೂ ಬೀಳುವುದಿಲ್ಲ. ಇಡೀ ಹಳೆಯ ಸಿಸ್ಟಂ ಆಗ ಡಿಸ್ಕಿನ ಮೇಲಿನ ಒಂದು ಫೋಲ್ಡರಾಗಿ ಉಳಿಯುವುದರಿಂದ, ಅದರ ನಕಲನ್ನು ಹೊರಗಿನ ಡ್ರೈವಿಗೆ ತೆಗೆದಿಟ್ಟುಕೊಂಡು, ಕೆಟ್ಟ ದಿನ ಅರ್ಧ ಗಂಟೆಯಲ್ಲಿ ಮತ್ತೆ ಎಬ್ಬಿಸಬಹುದು.